ಕೂತಲ್ಲೇ ನೂತ ಕಂಕಣ

ನನ್ನ ಅಜ್ಜಿ ಎಷ್ಟು ಎತ್ತರವಿದ್ದಳು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಎರಡು ಉತ್ತರಗಳಿವೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಅವಳು ತೊಲೆಗೆ ಕೈ ಚಾಚಿ, ಹಿಮ್ಮಡಿ ಎತ್ತದೆಯೇ ಹುಣಸೆಬೀಜದ ಗಂಟನ್ನು ಇಳಿಸುತ್ತಿದ್ದಾಳೆ. ಇನ್ನೊಂದರಲ್ಲಿ, ನಾವೆಲ್ಲ ತಲೆ ತಗ್ಗಿಸಿ ದಾಟುವ ಹಿತ್ತಲ ಬಾಗಿಲನ್ನು ಅವಳು ತಗ್ಗದೆಯೇ ದಾಟುತ್ತಿದ್ದಾಳೆ. ತಗ್ಗದೆ ಎಂದರೆ ಅದೂ ಪೂರ್ತಿ ಸರಿಯಲ್ಲ. ಬೆನ್ನು ಆಗಲೇ ಬಾಗಿ ಹೋಗಿದ್ದರಿಂದ ಬಾಗಿಲಿಗೆಂದು ಬೇರೆ ಬಾಗುವುದು ಅವಳಿಗೆ ಬೇಕಿರಲಿಲ್ಲ.

ಇವೆರಡರ ನಡುವೆ ಅವಳು ಕುಗ್ಗುತ್ತಾ ಬಂದ ವರ್ಷಗಳು ಇದ್ದಿರಲೇಬೇಕು. ಅವು ನನ್ನಲ್ಲಿಲ್ಲ. ಜೊತೆಯಲ್ಲೇ ಇರುವವರಿಗೆ ಒಬ್ಬ ಹೆಂಗಸು ಕುಗ್ಗುವುದು ಕಾಣುವುದಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋಗಿ ಮರಳಿ ಬಂದವಳಿಗೆ ಕಾಣುತ್ತದೆ. ನಾನು ಹಾಗೆ ಬಂದವಳು. ಚಳ್ಳಕೆರೆ ನನ್ನ ಗಂಡನ ಊರು. ನನಗೆ ಅಕ್ಷರ ಬಂದದ್ದೂ ಆಮೇಲೆ ಅಲ್ಲಿಯೇ. ತವರು ಮೊಳಕಾಲ್ಮೂರಿನ ಕಡೆ, ಕೊಂಡ್ಲಹಳ್ಳಿಗೆ ಹತ್ತಿರದ ಒಂದು ಹಟ್ಟಿ. ಕುರಿ, ಒಂದಿಷ್ಟು ಹೊಲ, ಮನೆಮನೆಯಲ್ಲೂ ಕಂಬಳಿಯ ಕೆಲಸ. ಮೊದಲ ಬಸುರಿನಲ್ಲಿ ಅಣ್ಣ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಕರೆದುಕೊಂಡು ಹೋದ. ಗಾಡಿಯಿಂದ ಇಳಿಯುವಾಗ, ಅಂಗಳದಲ್ಲಿ ಯಾರೋ ಹುಡುಗಿ ತಾಯಿಯ ಸೀರೆ ಉಟ್ಟು ನಿಂತಿದ್ದಾಳೆ ಅಂದುಕೊಂಡೆ. ಅಂಚು ನೆಲ ಗುಡಿಸುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಮುದ್ದೆ ಅವಳಿಗಿಂತ ಮುಂದಿತ್ತು. ಅದು ಅಜ್ಜಿ. ಸೀರೆ ಹಳೆಯದೇ, ಅಳತೆಯೂ ಹಳೆಯದೇ. ಒಳಗಿದ್ದವಳು ಕಡಿಮೆಯಾಗಿದ್ದಳು.

"ನಿನ್ನ ಹೊಟ್ಟೆ ನೋಡು, ನನ್ನ ಹೊಟ್ಟೆ ನೋಡು," ಎಂದಳು ಆ ಮುದ್ದೆಯನ್ನು ತಟ್ಟಿಕೊಂಡು. "ನಿನ್ನೊಳಗೆ ಕೂಸೈತೆ. ನನ್ನೊಳಗೆ ಬರೀ ಸೀರೆ ಐತೆ."

ಬಸುರಿಗೆ ಭಾರದ ಕೆಲಸ ಕೊಡುತ್ತಿರಲಿಲ್ಲ. ಅಜ್ಜಿಯ ತಲೆಗೆ ಎಣ್ಣೆ ಹಚ್ಚುವುದು, ಬೆನ್ನು ಉಜ್ಜುವುದು ನನ್ನ ಪಾಲಿಗೆ ಬಂತು. ಅವಳ ಮೈಯನ್ನು ನಾನು ಹೊಸದಾಗಿ ಕಲಿತದ್ದು ಆಗ. ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಮುಂಗೈಯ ಚರ್ಮವನ್ನು ಹಿಡಿದೆತ್ತಿದರೆ ಅದು ಹಾಗೆಯೇ ನಿಂತಿರುತ್ತಿತ್ತು, ಮರಳಿ ಮಲಗಲು ಅವಸರವಿಲ್ಲದೆ. ಬಾಗಿಲಿಗೋ ಒನಕೆಗೋ ಒಂದಿಷ್ಟು ತಗುಲಿದರೆ ಸಾಕು, ನೇರಳೆ ಹಣ್ಣು ಒತ್ತಿದ ಹಾಗೆ ಕಲೆ. ಇದೇ ಹೆಂಗಸು ಹರಕೆಯ ಮರಿಯನ್ನು ಹೆಗಲ ಮೇಲೆ ಹೊತ್ತು ಜಟಿಂಗ ರಾಮೇಶ್ವರದ ಗುಡ್ಡವನ್ನು ಎಲ್ಲೂ ಕೂರದೆ ಹತ್ತಿದ್ದಳು ಎಂದು ಹಟ್ಟಿಯವರು ಹೇಳುತ್ತಿದ್ದರು. ನಾನು ನೋಡಿಲ್ಲ. ಆದರೂ ನೋಡಿದಂತೆ ನೆನಪಿದೆ. ಅಂಥ ನೆನಪುಗಳನ್ನು ನಾನು ನಂಬುವುದಿಲ್ಲ, ಬಿಟ್ಟುಕೊಡುವುದೂ ಇಲ್ಲ.

ಅವಳಿಗೆ ಹಲ್ಲು ಉಳಿದಿರಲಿಲ್ಲ. ಅದರ ಚಿಂತೆಯೂ ಇರಲಿಲ್ಲ. ಮುದ್ದೆಯನ್ನು ಅಗಿಯುವವರು ಯಾರು, ನುಂಗುವುದು ತಾನೆ ಎನ್ನುತ್ತಿದ್ದಳು. ಗದ್ದದ ಮೇಲೆ ಕೆಲವು ಬಿಳಿ ಕೂದಲು ಬಂದಿದ್ದವು. ಬೂದಿ ಹಚ್ಚಿ ಕೀಳಲು ಹೋದರೆ ನನ್ನ ಕೈ ತಡೆದಳು. "ಇರ್ಲಿ ಬಿಡು. ಮೀಸೆ ಪೂರಾ ಬಂದ್ಮ್ಯಾಲೆ ಪಂಚಾಯ್ತಿ ಕಟ್ಟೆಗೆ ಹೋಗಿ ಕೂತ್ಕತೀನಿ."

ಆ ಬೇಸಿಗೆಯಲ್ಲಿ ಅಣ್ಣನ ಮದುವೆ ಗೊತ್ತಾಗಿತ್ತು. ನಾವು ಉಣ್ಣೆ ಕಂಕಣದವರು. ಮದುವೆಯಲ್ಲಿ ಹೆಣ್ಣುಗಂಡಿನ ಮುಂಗೈಗೆ ಕಟ್ಟುವ ಕಂಕಣ ನಮ್ಮವರಲ್ಲೇ ಕೆಲವರಿಗೆ ಹತ್ತಿಯದು, ನಮಗೆ ಕುರಿ ಉಣ್ಣೆಯದು. ಅದನ್ನು ನೂಲುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಮುತ್ತೈದೆಯೇ ಆಗಬೇಕೆಂದು ನಮ್ಮ ಮನೆಯಲ್ಲಿ ಇರಲಿಲ್ಲ, ಹಿರಿಯಳಾದರೆ ಸಾಕಿತ್ತು. ಅಜ್ಜ ಹೋಗಿ ಎಷ್ಟೋ ಮಳೆಗಾಲ ಕಳೆದಿದ್ದರೂ ಅಜ್ಜಿಯ ಕೈಗೆ ಆ ಕದಿರು, ಆ ನೂಲುವ ಕಡ್ಡಿ, ತಪ್ಪಿರಲಿಲ್ಲ. ಕಟ್ಟಳೆ ಒಂದೇ. ಮದುವೆಯ ಹಿಂದಿನ ದಿನ ಅಂಗಳದಲ್ಲಿ ಕರೀ ಕಂಬಳಿ ಹಾಸಿ, ಅದರ ಮೇಲೆ ಕೂತು ಕದಿರು ತಿರುಗಿಸಲು ಹಿಡಿದ ಮೇಲೆ, ಎರಡು ಕೈಗೂ ಸಾಲುವಷ್ಟು ನೂತು, ಎಳೆ ಕೂಡಿಸಿ ಹುರಿ ಮಾಡಿ, ಅರಿಶಿನ ಸವರಿ ಮುಗಿಸುವವರೆಗೆ ಕೂತವಳು ಏಳಬಾರದು. ನಡುವೆ ಎದ್ದರೆ ಆ ಜೋಡಿ ಒಂದೇ ಸೂರಿನಡಿ ನಿಲ್ಲುವುದಿಲ್ಲ ಎಂದು ಮಾತು.

ಅಪ್ಪನ ಮದುವೆಗೆ ಅಜ್ಜಿಯೇ ಕೂತಿದ್ದಳು, ನನ್ನ ಮದುವೆಗೂ. ಅವಳ ಎಳೆ ಸಣ್ಣ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಒಂದು ಹೊತ್ತಿನ ಕೆಲಸ, ಬೆಳಗಿನ ಬಿಸಿಲಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತಿತ್ತು. ಕೂರುವುದು ಒಂದು ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಈ ಸಲ ಅವಳು ಒಲ್ಲೆ ಎಂದಳು. ಒಂದು ಸಂಜೆ ಎಲ್ಲರೂ ಉಣ್ಣುತ್ತಿದ್ದಾಗ, ಕಣ್ಣು ಮಂಜಾಗಿದೆ, ಕೈಯೂ ನಡುಗುತ್ತದೆ, ಸಣ್ಣಜ್ಜಿ ನೂಲಲಿ ಎಂದು ಸಾರಿಗೆ ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿದಳು. ಅಪ್ಪ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಸಣ್ಣಜ್ಜಿ ಎಂದರೆ ಅಜ್ಜನ ತಮ್ಮನ ಹೆಂಡತಿ, ಗೋಡೆಯಾಚೆಯ ಮನೆಯವಳು. ರಾಯದುರ್ಗದ ಕಡೆಯ ಹೆಣ್ಣು. ಸಿಟ್ಟು ಬಂದರೂ ಪ್ರೀತಿ ಬಂದರೂ ನಾಲಗೆ ತೆಲುಗಿಗೆ ಜಾರುತ್ತಿತ್ತು. ಸೊಸೆಯರಾಗಿ ಬಂದಾಗಿನಿಂದ ಇಬ್ಬರೂ ಯಾರ ನೂಲು ಸಣ್ಣ ಎಂದು ಕಾದಾಡಿಕೊಂಡೇ ಬಂದವರು. ಅಜ್ಜಿ ಅವಳಿಗೆ ತಾನಾಗಿ ಕದಿರು ಬಿಟ್ಟುಕೊಡುವುದೆಂದರೆ ಮನೆಯಲ್ಲಿ ಏನೋ ಮುರಿದ ಹಾಗೆ.

ಮನೆಯವರು ಅವಳ ಮಾತನ್ನು ನಂಬಿದರು. ನಂಬಿ, ಅವಳ ಕಣ್ಣನ್ನೂ ಕೈಯನ್ನೂ ಸರಿಮಾಡಲು ಹೊರಟರು. ಅಪ್ಪ ಚಳ್ಳಕೆರೆಯ ಸಂತೆಗೆ ಹೋಗಿ, ಸಾಬರೊಬ್ಬರು ಬಟ್ಟೆಯ ಮೇಲೆ ಹರವಿಕೊಂಡು ಕೂತಿದ್ದ ಚಸ್ಮಾಗಳಲ್ಲಿ ಒಂದನ್ನು ತಂದ. ದಾರ ಕಟ್ಟಿ ಕಿವಿಗೆ ಸಿಕ್ಕಿಸಿದ. ಅಜ್ಜಿ ಅದರ ಮೂಲಕ ಬಹಳ ಹೊತ್ತು ಮಗನ ಮುಖವನ್ನೇ ನೋಡಿದಳು. "ಯಾವಾಗಪ್ಪಾ ಇಷ್ಟು ಮುದುಕ ಆದೆ ನೀನು?" ಎಂದು ಕೇಳಿ, ಚಸ್ಮಾ ತೆಗೆದು ಗೂಡಿನಲ್ಲಿಟ್ಟಳು. ಅವ್ವ ಎಳೆಯ ಮರಿಗಳ ಮೊದಲ ಉಣ್ಣೆಯನ್ನು ಆರಿಸಿ, ತೊಳೆದು, ಹಿಂಜಿ ಹಿಂಜಿ ಮೋಡದಷ್ಟು ಹಗುರ ಮಾಡಿ, ನೂಲಲು ಹಂಜಿಯ ಸುರುಳಿ ಸುತ್ತಿಟ್ಟಳು. ಇದನ್ನು ಕೂಸೂ ನೂಲಬಹುದು, ಸುಮ್ಮನೆ ನೋಡು ಎಂದು ಒತ್ತಾಯಿಸಿದಳು.

ಅಜ್ಜಿ ಕಂಬಕ್ಕೆ ಒರಗಿ ನಿಂತುಕೊಂಡೇ ಕದಿರು ತಿರುಗಿಸಿದಳು. ಎಳೆ ಅಲ್ಲಲ್ಲಿ ದಪ್ಪವಾಯಿತು, ಆದರೆ ಕಡಿಯಲಿಲ್ಲ. ಬರುತ್ತದಲ್ಲ ಎಂದು ಅವ್ವನ ಮುಖ ಅರಳಿತು. ಅಷ್ಟರಲ್ಲಿ ಅಜ್ಜಿ ಕದಿರನ್ನು ಅವಳ ಕೈಗೆ ತುರುಕಿ ಸರಸರನೆ ಹಿತ್ತಲಿಗೆ ಹೋದಳು. ಅದನ್ನು ನಾವೆಲ್ಲ ಸಿಟ್ಟು ಅಂದುಕೊಂಡೆವು. ನೂಲುವ ಮನೆಯವರಲ್ಲವೇ, ಮುದುಕಿಯೊಬ್ಬಳು ನೂಲಲಾರೆ ಎಂದರೆ ನಮ್ಮ ಕಣ್ಣೆಲ್ಲ ಅವಳ ಬೆರಳುಗಳ ಮೇಲೆ. ಬೇರೆ ಕಡೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನನಗೂ ಹೊಳೆಯುತ್ತಿರಲಿಲ್ಲ, ಹೊಟ್ಟೆಯಲ್ಲಿ ಕೂಸು ಇಲ್ಲದಿದ್ದರೆ. ತಿಂಗಳು ತುಂಬುತ್ತಾ ಬಂದಂತೆ ಅದು ಕೆಳಗೆ ಒತ್ತಿ, ನಾನೂ ಮತ್ತೆ ಮತ್ತೆ ಹಿತ್ತಲಿಗೆ ಹೋಗಬೇಕಾಗುತ್ತಿತ್ತು. ಹಿತ್ತಲ ಬಾಗಿಲು ನಮ್ಮಿಬ್ಬರದಾಯಿತು. ನಾನು ಹೋದಾಗ ಅವಳು ಬರುತ್ತಿದ್ದಳು, ನಾನು ಬರುವಾಗ ಅವಳು ಹೋಗುತ್ತಿದ್ದಳು. ಒಂದು ಮುಂಜಾನೆ, ಬೆಳಕು ಹರಿಯುವ ಹೊತ್ತಿಗೆ, ಅವಳು ಒಗೆಯುವ ಕಲ್ಲಿನ ಬಳಿ ಕೂತು ಉಟ್ಟ ಸೀರೆಯ ಕೆಳಭಾಗವನ್ನಷ್ಟೇ ಹಿಂಡುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು. ಏನು ನೋಡುತ್ತೀ ಎಂದು ಗದರಿದಳು. ನಾನು ಸರಿಯಲಿಲ್ಲ. ಸರಿಯುವ ಸ್ಥಿತಿಯೂ ಇರಲಿಲ್ಲ, ನನ್ನದೇ ಅವಸರ ನನಗಿತ್ತು. ನನ್ನ ಕೆಲಸ ಮುಗಿಸಿ ಬಂದು ಅವಳ ಪಕ್ಕ ಕೂತೆ.

ಹಿಂದಿನ ಸುಗ್ಗಿಯಿಂದ ಹೀಗೆ ಎಂದಳು. ಕೆಮ್ಮಿದರೆ, ಕೊಡ ಎತ್ತಿದರೆ, ನಕ್ಕರೆ. ಬಾಗಿಲವರೆಗೆ ಹೋಗುವಷ್ಟು ಪುರುಸೊತ್ತನ್ನೂ ಮೈ ಕೊಡುವುದಿಲ್ಲ.

"ಮೊದ್ಲು ಅದು ಕೇಳ್ತಿತ್ತು, ಹೋಗಾನಾ ಅಂತ. ಈಗ ಆದ್ಮ್ಯಾಲೆ ಹೇಳ್ತೈತೆ."

ಅದಕ್ಕೆ ನೀರು ಕುಡಿಯುವುದನ್ನು ಬಿಡುತ್ತಾ ಬಂದಿದ್ದಳು. ಮಜ್ಜಿಗೆಯನ್ನು ಪೂರ್ತಿ ಬಿಟ್ಟಿದ್ದಳು, ಸಾರನ್ನೂ ಮುದ್ದೆಗೆ ತಾಕಿಸಿದಷ್ಟೇ. ತುಟಿ ಒಡೆದಿದ್ದವು. ನಾನು ಅದನ್ನು ಬಿಸಿಲಿಗೆ ಆದದ್ದು ಎಂದು ಬೆಣ್ಣೆ ಹಚ್ಚುತ್ತಿದ್ದೆ. ಆ ಬೇಸಿಗೆಯಲ್ಲಿ, ಆ ಸೀಮೆಯಲ್ಲಿ, ನೀರು ಬಿಟ್ಟು ಇದ್ದಳು.

"ಅಷ್ಟು ಹೊತ್ತು ಕೂತಿರಾಕೆ ನನ್ನ ಕೈಲಾಗಲ್ಲ ಮಗಾ," ಎಂದಳು. "ಎದ್ರೆ ಹುಡುಗನ ಬಾಳು ಹೋಗ್ತೈತೆ. ಕೂತ್ರೆ ಊರ ಮುಂದೆ ನನ್ನ ಮಾನ ಹೋಗ್ತೈತೆ. ಅದಕ್ಕೇ ಕಣ್ಣಿನ ಮೇಲೆ ಹಾಕಿದೆ."

ಯಾರಿಗೂ ಹೇಳಬೇಡ ಎಂದು ನನ್ನ ಹೊಟ್ಟೆ ಮುಟ್ಟಿ ಆಣೆ ಹಾಕಿಸಿಕೊಂಡಳು. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಊರಿಗೆಲ್ಲ ಕಂಬಳಿಯ ನೂಲು ಕೊಟ್ಟವಳಿಗೆ ಮೋಡದಂಥ ಹಂಜಿ ಸುತ್ತಿಕೊಟ್ಟ ಅವ್ವನ ಮುಖ ನೆನಪಾಯಿತು. ನಕ್ಕೆ. ನಕ್ಕಾಗ ನನಗೂ ಹಾಗೆಯೇ ಆಯಿತು. ಅಜ್ಜಿ ನನ್ನ ಸೀರೆ ನೋಡಿದಳು, ತನ್ನ ಸೀರೆ ನೋಡಿಕೊಂಡಳು, ನೀರಿನ ಚೊಂಬನ್ನು ನನ್ನ ಕಡೆ ಸರಿಸಿದಳು.

ಈಗ ನನಗೂ ಆ ವಯಸ್ಸು. ನೀರು ಕುಡಿಯುವ ಮುಂಚೆ ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಳ್ಳುತ್ತೇನೆ. ಆದ್ದರಿಂದ ಆ ಮುಂಜಾನೆಯಲ್ಲಿ ನಾನು ಎಷ್ಟನ್ನು ಈಗ ತುಂಬಿಸಿದ್ದೇನೋ ಹೇಳಲಾರೆ. ಚೊಂಬು ಸರಿಸಿದ ಕೈ ಮಾತ್ರ ಅವಳದೇ. ಕಿರುಬೆರಳು ಸೆಟೆದುಕೊಂಡಿತ್ತು, ಮಡಿಸಲು ಬರುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಂಗಳದಲ್ಲಿ ಕಂಬಳಿ ಹಾಸಿದರು. ಕದಿರಿನ ತುದಿ ತಿರುಗಲು ತೆಂಗಿನ ಚಿಪ್ಪು, ಹಂಜಿಯ ಬುಟ್ಟಿ, ಅರಿಶಿನದ ಬಟ್ಟಲು. ಹಟ್ಟಿಯ ಹೆಂಗಸರೆಲ್ಲ ಸುತ್ತ ಕೂತರು. ಸಣ್ಣಜ್ಜಿಯನ್ನು ಕರೆತಂದರು. ಅವಳ ಮಂಡಿಗಳು ಊದಿ ಮಡಕೆಯಂತಾಗಿದ್ದವು. ಅಜ್ಜಿಗೆ ಕೂತರೆ ಇರಲಾಗದು, ಇವಳಿಗೆ ಕೂತರೆ ಏಳಲಾಗದು. ಆ ಕಟ್ಟಳೆಗೆ ಇವಳೇ ತಕ್ಕವಳು ಎಂದು ಯಾರೋ ಹಾಸ್ಯ ಮಾಡಿದರು. ಅವಳು ಬಗಲಲ್ಲಿ ತನ್ನ ಮನೆಯ ಹಳೇ ಕಂಬಳಿಯೊಂದನ್ನು ಹಿಡಿದು ತಂದಿದ್ದಳು. ದಪ್ಪ, ಒರಟು, ಅವಳ ಗಂಡ ಕುರಿ ಕಾಯಲು ಹೊದೆಯುತ್ತಿದ್ದದ್ದು. ಅದನ್ನು ಮಡಿಸಿ ಹೊಸ ಕಂಬಳಿಯ ಮೇಲೆ ಹಾಕಿಸಿದಳು. ಅವ್ವ ಬೇಡವೆಂದರೆ ಮಂಡಿ ನೋಯುತ್ತದೆ ಎಂದಳು. ಆದರೆ ಅದರ ಮೇಲೆ ಕೂರಲಿಲ್ಲ. ಅಂಚಿನಲ್ಲಿ ಕೂತು, ಕದಿರು ಬಿಟ್ಟು ಹಂಜಿಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ಅಕ್ಕಾ, ಹಂಜಿ ನಾನು ಕೊಡ್ತೀನಿ. ನೂಲೋದು ನೀನು. ರಾ."

ಅಜ್ಜಿ ಬಾಗಿಲಲ್ಲಿ ನಿಂತೇ ಕಣ್ಣಿನ ಮಾತು ತೆಗೆದಳು.

"ಊರಿಗೆ ಹೇಳು ಅದನ್ನ," ಎಂದಳು ಸಣ್ಣಜ್ಜಿ. "ಕಣ್ಣು ಮಂಜಾದೋರು ಮಜ್ಜಿಗೆ ಬಿಡ್ತಾರಾ?"

ಅಜ್ಜಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಹೇಳಿದವಳು ನಾನಲ್ಲ ಎಂದು. ಗೋಡೆಯಾಚೆ ಇದ್ದುಕೊಂಡೇ ಸಣ್ಣಜ್ಜಿ ಗಡಿಗೆಯಲ್ಲಿ ಅಜ್ಜಿಯ ಪಾಲಿನ ಮಜ್ಜಿಗೆ ಹಾಗೇ ಉಳಿಯುವುದನ್ನು ನೋಡಿ ತಿಳಿದಿದ್ದಳು. ಬೆರಳುಗಳ ಮೇಲೆ ಕಣ್ಣಿಟ್ಟು ಕೂತ ನಮಗೆಲ್ಲ ಕಾಣದ್ದು ಜೀವಮಾನವೆಲ್ಲ ಜಗಳವಾಡಿದವಳಿಗೆ ಕಂಡಿತ್ತು. ಅವಳು ಪಕ್ಕದ ಮಡಿಸಿದ ಕಂಬಳಿಯನ್ನು ತಟ್ಟಿದಳು.

"ಕಂಬಳಿಗೆ ಮೈಲಿಗೆ ಇಲ್ಲ ಅಂತ ನಮ್ಮತ್ತೆ ನಂಗೊಬ್ಬಳಿಗೇ ಹೇಳಿಕೊಟ್ಟಿದ್ಳಾ?"

ಅದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಹತ್ತಿಬಟ್ಟೆಗೆ ಹುಟ್ಟು, ಸಾವು, ಮುಟ್ಟು ಎಲ್ಲದರ ಮೈಲಿಗೆ ಉಂಟು, ಒಗೆಯಬೇಕು. ಕಂಬಳಿಗೆ ಯಾವುದೂ ಅಂಟದು. ಬಾಣಂತಿ ಮಲಗಿದ ಕಂಬಳಿಯ ಮೇಲೆ ದೇವರನ್ನೂ ಕೂರಿಸಬಹುದು. ಆ ಮಾತನ್ನು ಅಜ್ಜಿಯೇ ನನಗೆ ಕಲಿಸಿದ್ದಳು. ತನಗೆ ಅದು ಸಲ್ಲುತ್ತದೆ ಎಂದು ಮಾತ್ರ ಅವಳಿಗೆ ತೋಚಿರಲಿಲ್ಲ.

ಅಜ್ಜಿ ಬಂದಳು. ಹೊಸ್ತಿಲು ದಾಟಿ ಬರುವಷ್ಟರಲ್ಲಿ ಬಹಳ ಹೊತ್ತಾಯಿತು ಎಂದು ನನಗೆ ನೆನಪು. ನಿಜದಲ್ಲಿ ನಾಲ್ಕು ಹೆಜ್ಜೆಯ ಅಂಗಳ ಅದು. ಮಡಿಸಿದ ಹಳೇ ಕಂಬಳಿಯ ಮೇಲೆ ಕೂತಳು. ಸಣ್ಣಜ್ಜಿ ತನ್ನ ಸೆರಗನ್ನು ಕೊಡವಿ ಅಜ್ಜಿಯ ತೊಡೆಯ ಮೇಲೂ ಬರುವಂತೆ ಹರಡಿಕೊಂಡಳು. ಹಂಜಿ ಕೊಟ್ಟಳು. ಕದಿರು ಚಿಪ್ಪಿನಲ್ಲಿ ಗಿರ್ರೆಂದಿತು.

ಎಳೆ ಚೆನ್ನಾಗಿ ಬರಲಿಲ್ಲ. ಒಂದು ಕಡೆ ಕೂದಲಷ್ಟು ಸಣ್ಣ, ಒಂದು ಕಡೆ ಹುಳು ನುಂಗಿದಂತೆ ಉಬ್ಬು. ಇದು ಕಂಕಣವೋ ಟಗರು ಕಟ್ಟುವ ಹಗ್ಗವೋ ಎಂದು ಸಣ್ಣಜ್ಜಿ ಕುಟುಕಿದಳು. ನಿನ್ನ ಮೊಮ್ಮಗನ ಮದುವೆಗೆ ನೀನು ಸಣ್ಣಗೆ ನೂಲು, ನಾನು ಬಂದು ನೋಡುತ್ತೇನೆ ಎಂದು ಅಜ್ಜಿ ತಿರುಗಿ ಹೇಳಿದಳು. ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲ ಬಳಿ ಬಂತು. ಗಂಡಿನ ಕೈಯ ಪಾಲು ಮುಗಿದು ಹೆಣ್ಣಿನ ಕೈಯದು ಶುರುವಾಗಿತ್ತು. ಆಗ ಕದಿರು ನಿಂತಿತು.

ಅಜ್ಜಿಯ ಮುಖ ನನಗೆ ಗೊತ್ತಿದ್ದ ಮುಖ, ಒಗೆಯುವ ಕಲ್ಲಿನ ಬಳಿ ಕಂಡದ್ದು. ಅಂಗೈ ನೆಲಕ್ಕೆ ಊರಿದ್ದಳು, ಏಳುವವಳಂತೆ. ಸಣ್ಣಜ್ಜಿ ದನಿಯನ್ನು ಸ್ವಲ್ಪವೂ ತಗ್ಗಿಸದೆ ಹೇಳಿದಳು:

"ತಿರುಗಿಸಕ್ಕಾ. ಈ ಉಣ್ಣೆ ಕುರಿ ಮೈಮ್ಯಾಲೆ ಇದ್ದಾಗ ಕಾಣದೇ ಇರೋದು ನಿನ್ನ ಹತ್ರ ಏನೈತೆ?"

ಮೊದಲು ನಕ್ಕವರು ಯಾರೆಂದು ಗೊತ್ತಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಂಗಳದ ತುಂಬ ನಗು, ಹೆತ್ತವರದು, ಮುಟ್ಟು ನಿಂತವರದು, ನನ್ನಂಥ ಬಸುರಿಯದು. ಇಷ್ಟೂ ಹೆಂಗಸರಲ್ಲಿ ಒಬ್ಬಳಾದರೂ ಅರ್ಥವಾಗದೆ ನಕ್ಕಿರಲಾರಳು. ಅಜ್ಜಿಯೂ ನಕ್ಕಳು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಭುಜ ಕುಣಿಸಿಕೊಂಡು. ನಗು ಅವಳಿಗೆ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನೆಲಕ್ಕೆ ಊರಿದ್ದ ಕೈಯನ್ನು ಎತ್ತಿ ಕದಿರು ಹಿಡಿದಳು. ಏಳಲಿಲ್ಲ.

ಕಂಬಳಿ ಒದ್ದೆಯಾಯಿತೇ? ಅವ್ವ ಆಯಿತೆಂದಳು, ಸಂಜೆ ತಾನೇ ಗೋಡೆಗೆ ಹರವಿದೆ ಎಂದಳು. ಸಣ್ಣಜ್ಜಿ ಸಾಯುವವರೆಗೂ ಇಲ್ಲವೆಂದಳು, ಪಕ್ಕದಲ್ಲಿ ಕೂತವಳಿಗೆ ಗೊತ್ತಿಲ್ಲವೇ ಎಂದು ಕೇಳುತ್ತಿದ್ದಳು. ನನ್ನ ನೆನಪಿನಲ್ಲಿ ಗೋಡೆಯ ಮೇಲೆ ಕಂಬಳಿ ಒಣಗುತ್ತಿದೆ. ಆದರೆ ಆ ಗೋಡೆಯ ಮೇಲೆ ಕಂಬಳಿ ಒಣಗದ ದಿನವೇ ಇರಲಿಲ್ಲ.

ಮಾರನೆಯ ದಿನ ಅಣ್ಣನ ಮುಂಗೈಯಲ್ಲಿ ಕಂಕಣ ನೋಡಿದೆ. ಅದರಲ್ಲೊಂದು ಉಬ್ಬು ಇತ್ತು, ಅದೇ ಆ ನಗುವಿನ ಜಾಗ ಎಂದು ಬರೆಯಲು ಕೈ ತವಕಿಸುತ್ತದೆ. ಬರೆಯಲಾರೆ. ಆ ನೂಲೆಲ್ಲ ಉಬ್ಬೇ, ಮತ್ತು ನಗು ಬಂದದ್ದು ಅತ್ತಿಗೆಯ ಪಾಲು ನೂಲುವಾಗ. ಆ ಜೋಡಿ ಒಂದೇ ಸೂರಿನಡಿ ಬಾಳಿತು, ದಿನಾ ಜಗಳವಾಡಿಕೊಂಡು. ಅದಕ್ಕೆ ನೂಲು ಕಾರಣವೆಂದು ಹೇಳುವಷ್ಟು ಧೈರ್ಯ ನನಗಿಲ್ಲ, ಅಲ್ಲವೆಂದು ಹೇಳುವಷ್ಟೂ ಇಲ್ಲ.

ಹಿಂದಿನ ದಿನಕ್ಕೆ ಮರಳುತ್ತೇನೆ. ನನಗೆ ಖಾತ್ರಿಯಿರುವುದು ಅಲ್ಲಿದೆ. ಹುರಿ ಮುಗಿದು, ಅರಿಶಿನ ಸವರಿ, ಹೆಂಗಸರು ಅಡಿಗೆಯ ಕಡೆ ಚದುರಿದರು. ಇಬ್ಬರು ಮುದುಕಿಯರು ಕಂಬಳಿಯ ಮೇಲೇ ಉಳಿದರು. ಒಬ್ಬಳಿಗೆ ಏಳಲು ಬಾರದು, ಇನ್ನೊಬ್ಬಳು ಏಳಲು ಒಲ್ಲಳು. ನಾನು ಆಚೆಗೊಂದು ಈಚೆಗೊಂದು ಕೈ ಕೊಟ್ಟು ಎಳೆದೆ. ಹೊಟ್ಟೆ ಅಡ್ಡ ಬಂತು. ಮೂವರೂ ಅಲ್ಲಿಯೇ ಸಿಕ್ಕಿಕೊಂಡೆವು. ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಮೊದಲು ನೀರು ತಾ, ಮಜ್ಜಿಗೆ ಇದ್ದರೆ ಮಜ್ಜಿಗೆಯನ್ನೇ ತಾ ಎಂದಳು.

ದೊಡ್ಡ ಚೊಂಬಿನಲ್ಲಿ ತಂದುಕೊಟ್ಟೆ. ಎರಡು ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಒಗೆದು, ಉಸಿರು ಬಿಡದೆ ಕುಡಿದಳು. ತೆಳ್ಳಗಿನ ಗಂಟಲಿನಲ್ಲಿ ಒಂದೊಂದು ಗುಟುಕು ಇಳಿಯುವುದೂ ಕಾಣುತ್ತಿತ್ತು. ಗದ್ದದ ಬಿಳಿ ಕೂದಲಿನಿಂದ ಮಜ್ಜಿಗೆ ತೊಟ್ಟಿಕ್ಕಿತು. ಖಾಲಿ ಚೊಂಬನ್ನು ನನಗೆ ಕೊಟ್ಟು ಇನ್ನೊಂದು ತಾ ಎಂದಳು.

"ಸಾಕು ಬಿಡಕ್ಕಾ," ಎಂದಳು ಸಣ್ಣಜ್ಜಿ. "ನಾನು ತಂದಿರೋದು ಒಂದೇ ಕಂಬಳಿ."